ಅರಸನ ಮಾತು, ಪ್ರಜೆಯ ಕಿವಿ

ಬಳ್ಳಾರಿಯ ಬಳಿ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕೆಲವು ಕರಿಯ ಬಂಡೆಗಳನ್ನು ಸಣ್ಣ ಕಲ್ಲಿನಿಂದ ಬಡಿದರೆ ಅವು ಗಂಟೆಯಂತೆ ನಾದಗೊಡುತ್ತವೆ. ನಾದವೇನೋ ದೂರ ಹೋಗುತ್ತದೆ. ಆದರೆ ರಾಜಾಜ್ಞೆಯನ್ನು ತಿಳಿಸಲು ನಾದವೊಂದೇ ಸಾಲದು. ಇದೇ ಸೀಮೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೆಗೊಳಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನು ತನ್ನ ಧರ್ಮನೀತಿಯನ್ನು ಬಂಡೆಗಳ ಮೇಲೆ ಕೊರೆಯಿಸಿದನು. ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಇಲ್ಲಿನ ಬೇಸಾಯಗಾರನು ಅದನ್ನು ಓದಿಕೊಳ್ಳುವುದೆಂತು? ಈ ಶಂಕೆ ಅರಸನಿಗೂ ಇದ್ದಿರಬೇಕು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ, ರಜ್ಜುಕರೆಂಬ ಅಧಿಕಾರಿಗಳು ಭೇರಿ ಹೊಡೆಯಿಸಿ ಜನಪದಕ್ಕೆ ಆಜ್ಞೆಯನ್ನು ಸಾರಬೇಕೆಂಬ ವಿಧಿಯಿದೆ.

ಭೇರಿ ಮುಟ್ಟುವಲ್ಲಿಗೆಲ್ಲ ಮಾತು ಮುಟ್ಟುವುದೇ? ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಸೆಕೆಂಡಿಗೆ 100 ಕಂಪನಗಳುಳ್ಳ ಭೇರಿಯ ಧ್ವನಿಯ ಅಲೆಯುದ್ದ 3.4 ಮೀಟರು; ಅದು ಮನೆಯ ಮೂಲೆಯನ್ನು ಬಳಸಿಕೊಂಡು ಹಿತ್ತಿಲನ್ನೂ ಸೇರುತ್ತದೆ. ಮಾತಿನಲ್ಲಿ ಸ, ತ, ಕ ಮೊದಲಾದ ವ್ಯಂಜನಗಳ ಭೇದವನ್ನು ತಿಳಿಸುವ ಕಂಪನಗಳು ಬಹುಮಟ್ಟಿಗೆ 2000ಕ್ಕೂ ಮೇಲಿನವು. ಅವುಗಳ ಅಲೆಯುದ್ದ 17 ಸೆಂಟಿಮೀಟರಿಗೂ ಕಡಿಮೆ. ಗೋಡೆಯ ಮರೆಯಲ್ಲಿ ಅವು ಅಡಗಿಹೋಗುತ್ತವೆ. ಬಯಲಿನಲ್ಲಿಯಾದರೂ ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನು ಬೀದಿಯಿಂದ ಬೀದಿಗೆ ನಡೆದು, ಬಡಿತವನ್ನು ನಿಲ್ಲಿಸಿ, ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಇಂದು ಧ್ವನಿವರ್ಧಕ ಹೊತ್ತ ವಾಹನ ಓಣಿಯಲ್ಲಿ ನಿಲ್ಲದೆ ಸಾಗಿಬಿಡುತ್ತದೆ. ಒಳಮನೆಯಲ್ಲಿದ್ದವರು ಹೊರಬಂದು, “ಏನೋ ಸಾರಿದರಲ್ಲ, ನೀರಿನ ಮಾತೋ ಲಸಿಕೆಯ ಮಾತೋ?” ಎಂದು ನೆರೆಯವರನ್ನು ಕೇಳುವುದನ್ನು ನಾವು ಕಂಡಿದ್ದೇವೆ.