ವಕೀಲರ ಫೀಜು: ಗೆದ್ದ ಹಣದಲ್ಲಿ ಪಾಲು ಸಲ್ಲದು



ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣ, ರಸ್ತೆ, ಕೈಗಾರಿಕೆಗಳಿಗಾಗಿ ಅನೇಕರ ಜಮೀನು ಸ್ವಾಧೀನವಾಗಿದೆ. ಕೊಟ್ಟ ಪರಿಹಾರ ಸಾಲದೆಂದು ನ್ಯಾಯಾಲಯದ ಮೆಟ್ಟಿಲು ಹತ್ತುವವರೂ ಉಂಟು. “ಈಗ ಏನೂ ಕೊಡಬೇಡಿ, ಗೆದ್ದ ಮೇಲೆ ಬಂದ ಹಣದಲ್ಲಿ ಕಾಲುಭಾಗ ಕೊಡಿ” ಎಂಬ ಮಾತು ಕೈಯಲ್ಲಿ ಕಾಸಿಲ್ಲದವನಿಗೆ ಹಿತವಾಗಿ ಕೇಳಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಹೆಚ್ಚುವರಿ ಪರಿಹಾರ 20 ಲಕ್ಷ ರೂಪಾಯಿ ಬಂದರೆ 5 ಲಕ್ಷ ಹೋಯಿತು. ಹೋದ ಜಮೀನು ಮರಳಿ ಬಾರದು. ಅದರ ಬದಲಿಗೆ ಉಳಿಯುವುದು ಈ ಹಣವೊಂದೇ.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ ಅಪಘಾತ ಪರಿಹಾರದಂಥ ದಾವೆಗಳಲ್ಲಿ ವಕೀಲರು ಹೀಗೆ ಪಾಲಿನ ಮೇಲೆ ಕೆಲಸ ಮಾಡುವ ವಾಡಿಕೆಯಿದೆ. ನಮ್ಮ ದೇಶದಲ್ಲಿ ಇದಕ್ಕೆ ಅವಕಾಶವಿಲ್ಲ. ದಾವೆಯ ಫಲವನ್ನು ಅವಲಂಬಿಸಿ ಫೀಜು ಗೊತ್ತುಮಾಡಕೂಡದು, ಬಂದ ಹಣದಲ್ಲಿ ಪಾಲಿಗೆ ಒಪ್ಪಕೂಡದು ಎಂದು ಭಾರತೀಯ ವಕೀಲರ ಪರಿಷತ್ತಿನ 20ನೆಯ ನಿಯಮ ವಿಧಿಸಿದೆ. ದಾವೆಯಲ್ಲಿ ತನ್ನದೇ ಪಾಲಿದ್ದರೆ ವಕೀಲನು ಕಕ್ಷಿದಾರನ ಹಿತಕ್ಕಿಂತ ತನ್ನ ಲಾಭವನ್ನೇ ನೋಡಿಯಾನೆಂಬುದು ಇದರ ಕಾರಣ.

ತೆಲಂಗಾಣದಲ್ಲಿ ಮೋಟಾರು ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳಿಗೆ ಪರಿಹಾರ ದೊರೆಯಿತು. ಆಕೆಯ ವಕೀಲರು ಆ ಹಣದ ಶೇಕಡಾವಾರು ಲೆಕ್ಕದಲ್ಲಿ ಫೀಜು ಕೇಳಿ, 10 ಲಕ್ಷ ರೂಪಾಯಿಯ ಚೆಕ್ಕು ಬರೆಸಿಕೊಂಡರು. ಚೆಕ್ಕಿಗೆ ಹಣ ಸಿಗದಿದ್ದಾಗ ಆಕೆಯ ಮೇಲೆ ಮೊಕದ್ದಮೆ ಹೂಡಿದರು. 2017ರಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಯನ್ನು ರದ್ದುಪಡಿಸಿತು; ಇಂಥ ಫೀಜಿನ ಬೇಡಿಕೆಯು ಸಾರ್ವಜನಿಕ ನೀತಿಗೆ ವಿರುದ್ಧವೆಂದು ತೀರ್ಪಿತ್ತಿತು.

ನೀವು ಮಾಡತಕ್ಕದ್ದೇನು?

1. ವಕಾಲತ್ತಿಗೆ ಸಹಿ ಹಾಕುವ ಮುನ್ನವೇ ಫೀಜು ಇಷ್ಟು ರೂಪಾಯಿ ಎಂದು ಗೊತ್ತುಮಾಡಿ ಬರೆಸಿಕೊಳ್ಳಿ. ಕಂತಿನಲ್ಲಿ ಕೊಡುವುದಕ್ಕೆ ಅಡ್ಡಿಯಿಲ್ಲ; ಗೆದ್ದರೆ ಮಾತ್ರ ಎಂಬ ಷರತ್ತು ಬೇಡ.

2. ಕೋರ್ಟು ಶುಲ್ಕ ಬೇರೆ, ವಕೀಲರ ಫೀಜು ಬೇರೆ. ಕೊಟ್ಟ ಹಣಕ್ಕೆಲ್ಲ ರಸೀದಿ ಪಡೆಯಿರಿ.

3. ಖಾಲಿ ಚೆಕ್ಕು, ಖಾಲಿ ಛಾಪಾ ಕಾಗದಗಳಿಗೆ ಸಹಿ ಹಾಕಲೇಬೇಡಿ. ಪರಿಹಾರದ ಹಣ ನಿಮ್ಮ ಸ್ವಂತ ಬ್ಯಾಂಕು ಖಾತೆಗೇ ಬರಲಿ.

4. ಫೀಜು ಬಾಕಿಯಿದೆ ಎಂದು ವಕೀಲರು ನಿಮ್ಮ ದಾವೆಯ ಕಾಗದಪತ್ರಗಳನ್ನು ತಡೆಹಿಡಿಯುವಂತಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟು ಹೀಗೆಂದು ತೀರ್ಮಾನಿಸಿದೆ.

5. ಪಾಲಿಗಾಗಿ ಒತ್ತಾಯಿಸಿದರೆ ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಫೀಜಿಗೆ ಹಣವಿಲ್ಲದಿದ್ದರೆ?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಗೊತ್ತಾದ ಮಿತಿಗಿಂತ ಕಡಿಮೆ ವರಮಾನದವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಇಲ್ಲವೇ 15100 ಸಂಖ್ಯೆಗೆ ಫೋನು ಮಾಡಿ. ಜಮೀನು ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೆ ಅವರ ವರಮಾನವೆಷ್ಟೆಂದು ನೋಡುವ ಪ್ರಶ್ನೆಯೇ ಇಲ್ಲ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿ.