ಐದು ರಿಜಿಸ್ಟರ್, ಒಂದು ಹೊಟ್ಟೆ

ಮುಂಡಾಜೆಯ ಆಸುಪಾಸಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಟೀಚರ್ ಆಗಿದ್ದಾಗ ಬಿಸಿಯೂಟದ ಉಸ್ತುವಾರಿ ನನ್ನ ಪಾಲಿಗೆ ಬಂತು. ಅದರ ಬೆನ್ನಿಗೇ ಹಾಲಿನ ಲೆಕ್ಕ, ಕಬ್ಬಿಣಾಂಶದ ಮಾತ್ರೆಯ ಲೆಕ್ಕ, ಹುಳದ ಮಾತ್ರೆಯ ಲೆಕ್ಕ, ಆರೋಗ್ಯ ತಪಾಸಣೆಯ ಲೆಕ್ಕ. ಐದೂ ರಿಜಿಸ್ಟರ್‌ಗಳನ್ನು ಕಪಾಟಿನ ಒಂದೇ ಖಾನೆಯಲ್ಲಿ ಇಟ್ಟಿದ್ದೆ. ಒಂದನ್ನು ಬರೆಯುವಾಗ ಇನ್ನೊಂದನ್ನು ತೆರೆದು ನೋಡಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದೆ. ಮಕ್ಕಳು ಸಾಲಿನಲ್ಲೇ ನಿಂತಿರುತ್ತಾರೆ, ಎಣಿಸುವುದು ಸುಲಭ. ಚಿಕ್ಕವರಿಗೆ 45 ಮಿಲಿಗ್ರಾಂ ಕಬ್ಬಿಣದ ಗುಲಾಬಿ ಮಾತ್ರೆ, ದೊಡ್ಡವರಿಗೆ 60 ಮಿಲಿಗ್ರಾಂನ ನೀಲಿ ಮಾತ್ರೆ. ಊಟದ ನಂತರ ಕೊಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಊಟದ ಹೊತ್ತಿನ ಗಡಿಬಿಡಿಯಲ್ಲಿ ಯಾರಿಗೆ ಕೊಟ್ಟೆ, ಯಾರಿಗೆ ಬಿಟ್ಟೆ ಎಂದು ತಿಳಿಯದೆ ಹೋದೀತೆಂದು ಬೆಳಿಗ್ಗೆಯೇ ಮುಗಿಸುತ್ತಿದ್ದೆ. ಎರಡನೇ ಪೀರಿಯಡ್ಡಿಗೆ ಒಬ್ಬಿಬ್ಬರಿಗೆ ಹೊಟ್ಟೆ ತೊಳಸುವುದು, ಒಮ್ಮೊಮ್ಮೆ ವಾಂತಿ. ರಿಜಿಸ್ಟರ್‌ನಲ್ಲಿ ಮಾತ್ರ ಎಲ್ಲರ ಹೆಸರಿನ ಮುಂದೆಯೂ ಗುರುತು ಬಿದ್ದಿರುತ್ತಿತ್ತು.

ಒಂದು ಮಳೆಗಾಲ ಅಡುಗೆಯ ಅಕ್ಕ ಅಂಗೈ ತೆರೆದು ತೋರಿಸಿದರು. ನೀರಿನ ಟ್ಯಾಂಕಿಯ ಹಿಂದೆ ಬಿದ್ದಿದ್ದ ಮಾತ್ರೆಗಳು. ನೆನೆದು ಬಣ್ಣ ಬಿಟ್ಟಿದ್ದವು.

"ಟೀಚರೇ, ಇದು ನಿಮ್ಮ ಸೋಮವಾರದ ಮಾತ್ರೆ ಅಲ್ವಾ? ಮಕ್ಕಳು ಬೆಳಿಗ್ಗೆ ಬರೀ ಚಾ ಕುಡಿದು ಬರುವುದು. ಬರೀ ಹೊಟ್ಟೆಗೆ ಇದನ್ನು ಹಾಕಿದರೆ ತೊಳಸದೆ ಇರ್ತದಾ?"

ಮರುದಿನ ತರಗತಿಯಲ್ಲಿ ಕೇಳಿದೆ. ತಿಂಡಿ ತಿನ್ನದೆ ಬಂದವರು ಕೈ ಎತ್ತಿ ಅಂದಾಗ ಅರ್ಧ ತರಗತಿಯ ಕೈ ಮೇಲೆ ಬಂತು. ಅಪ್ಪ ನಸುಕಿನಲ್ಲೇ ರಬ್ಬರ್ ಟ್ಯಾಪಿಂಗಿಗೆ, ಅಮ್ಮ ಅಡಿಕೆ ಸುಲಿಯಲಿಕ್ಕೆ. ಮಗು ಚಾಕ್ಕೆ ಎರಡು ಬಿಸ್ಕತ್ತು ಅದ್ದಿ ತಿಂದು ಗುಡ್ಡ ಇಳಿದು ಬರುತ್ತದೆ. ಇಷ್ಟು ವರ್ಷ ಇದೇ ಮಕ್ಕಳಿಗೆ ಪಾಠ ಮಾಡಿದ್ದ ನನಗೆ ಅದು ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು, ಯಾಕೆಂದರೆ ಹನ್ನೊಂದು ಗಂಟೆಗೇ ಅಡುಗೆಕೋಣೆಯ ಬಾಗಿಲಿಗೆ ಬಂದು "ಅನ್ನ ಆಯ್ತಾ?" ಎಂದು ಕೇಳುವವರು ಯಾರೆಂದು ಅವರು ದಿನವೂ ನೋಡುತ್ತಿದ್ದರು.

ಆಮೇಲೆ ಮಾತ್ರೆ ಮಧ್ಯಾಹ್ನದ ಊಟದ ಬಳಿಕಕ್ಕೆ ಬಂತು. ಚಾದಲ್ಲಿರುವ ಒಗರು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಹಾಲಿನ ಸುಣ್ಣದಂಶವೂ ಅಡ್ಡ ಬರುತ್ತದೆ, ಹುಳಿ ಹಣ್ಣಿನ ಸಿ ಜೀವಸತ್ವ ಸಹಾಯ ಮಾಡುತ್ತದೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಲ್ಲಿ ಕೇಳಿ ತಿಳಿದುಕೊಂಡೆ. ಹಾಗಾಗಿ ಕ್ಷೀರಭಾಗ್ಯ ಯೋಜನೆಯ 150 ಮಿಲಿ ಹಾಲು ಬೆಳಿಗ್ಗೆ ಶಾಲೆಗೆ ಕಾಲಿಟ್ಟ ಕೂಡಲೇ. ತಿಂಡಿ ಇಲ್ಲದೆ ಬಂದ ಮಗುವಿಗೆ ಅದೇ ಮೊದಲ ಆಹಾರ. ಮಾತ್ರೆ ಮಧ್ಯಾಹ್ನ, ನಡುವೆ ಸಾಕಷ್ಟು ಅಂತರ. ಸೋಮವಾರದ ಸಾಂಬಾರಿಗೆ ಅಕ್ಕ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುತ್ತಿದ್ದರು. ಕುದಿಸಿದರೆ ಅದರ ಗುಣ ಹೋಗುತ್ತದೆ ಎಂದು ನಾನು ವಿವರಿಸಲು ಹೊರಟರೆ, "ಕುದಿಸಿದರೆ ಕಹಿಯೂ ಆಗ್ತದೆ ಟೀಚರೇ" ಎಂದರು.

ಶಾಲೆಯ ಊಟ ಯಾವಾಗಲೂ ಹೀಗಿರಲಿಲ್ಲ. ನಾನು ಕಲಿಯುತ್ತಿದ್ದ 1970ರ ದಶಕದಲ್ಲಿ ಶಾಲೆಯಲ್ಲಿ ಸಿಗುತ್ತಿದ್ದುದು ಕೇರ್ ಸಂಸ್ಥೆಯಿಂದ ಬಂದ ನುಚ್ಚಿನ ಸಜ್ಜಿಗೆ. ಅದರ ವಾಸನೆ ಇವತ್ತಿಗೂ ಮೂಗಿನಲ್ಲಿದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಒಂದರಿಂದ ಐದನೇ ತರಗತಿಯವರೆಗೆ ಮಗುವೊಂದಕ್ಕೆ 100 ಗ್ರಾಂ ಅಕ್ಕಿ, ಮೇಲಿನವರಿಗೆ 150. ಬರುತ್ತಿದ್ದುದು ಬೆಳ್ತಿಗೆ ಅಕ್ಕಿ. ಮನೆಯಲ್ಲಿ ಕುಚ್ಚಲಕ್ಕಿ ಉಂಡು ಬೆಳೆದ ನಮ್ಮ ಮಕ್ಕಳಿಗೆ ಇದು ಅನ್ನವೇ ಅಲ್ಲ. ಕುಚ್ಚಲಕ್ಕಿಗಾಗಿ ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ಅದನ್ನು ಬಿಟ್ಟು ಪಾಲಿಶ್ ಮಾಡಿದ ಅಕ್ಕಿಯನ್ನು ಕರಾವಳಿಯ ಶಾಲೆಗಳಿಗೆ ಕಳಿಸುವುದು ಸರಿಯಲ್ಲ ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಅಕ್ಕಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಆರನೇ ತರಗತಿಯ ಒಬ್ಬ ಹುಡುಗಿ. ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಳು, ಮಧ್ಯಾಹ್ನದ ಮೇಲೆ ಬೆಂಚಿಗೆ ತಲೆ ಒರಗಿಸಿ ಮಲಗುತ್ತಿದ್ದಳು. ಸೋಮಾರಿ ಎಂದು ಗದರಿದ್ದೇನೆ. ಆ ಮಾತು ನೆನಪಾದರೆ ಈಗಲೂ ಸಂಕಟವಾಗುತ್ತದೆ. ತಪಾಸಣೆಗೆ ಬಂದ ವೈದ್ಯೆ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಒಳಗೆ ಬಿಳಿಚಿಕೊಂಡಿತ್ತು. ಆಮೇಲೆ ಅವರು ನೋಡಿದ್ದು ಅವಳ ಪಾದ. "ತೋಟದಲ್ಲಿ ಬರಿಗಾಲಲ್ಲಿ ಓಡಾಡ್ತೀಯಾ?" ಅಡಿಕೆ ತೋಟದ ನೆರಳು, ಒದ್ದೆ ಮಣ್ಣು, ಅಲ್ಲಲ್ಲಿ ಬಯಲು ಶೌಚ: ಕೊಕ್ಕೆಹುಳುವಿನ ಮರಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಾಲಿನ ಚರ್ಮದಿಂದ ಒಳಹೊಕ್ಕು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ನಾವು ಉಣಿಸಿದ್ದರಲ್ಲಿ ಅವುಗಳಿಗೂ ಪಾಲಿತ್ತು.

ಹುಳದ ಮಾತ್ರೆಯ ರಿಜಿಸ್ಟರ್ ತೆಗೆದು ನೋಡಿದೆ. ಅವಳ ಹೆಸರಿನ ಮುಂದೆ ನನ್ನದೇ ಅಕ್ಷರ: ಗೈರು. ಅದರ ಹಿಂದಿನ ಸಲವೂ ಗೈರು. ಮಾತ್ರೆ ಕೊಡುವ ದಿನ ಬಾರದವರಿಗಾಗಿ ವಾರದ ಬಳಿಕ ಇನ್ನೊಂದು ದಿನ ಇರುತ್ತದೆ, ಆ 400 ಮಿಲಿಗ್ರಾಂನ ಮಾತ್ರೆ ನನ್ನ ಕಪಾಟಿನಲ್ಲೇ ಇತ್ತು. ಗೈರು ಬರೆದು ಪುಸ್ತಕ ಮುಚ್ಚಿದ್ದೆ, ಅಷ್ಟೆ. ಸರ್ಕಾರ ಕೊಟ್ಟ ಶೂ ಅವಳಲ್ಲೂ ಇತ್ತು. ಮಳೆಗೆ ನೆನೆದರೆ ಮೂರು ದಿನ ಒಣಗುವುದಿಲ್ಲ ಎಂದು ಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲಿ ನಡೆದು ಬರುತ್ತಿದ್ದಳು.

ಅಲ್ಲಿಂದ ನಾವು ನಾಲ್ವರು ತಿಂಗಳಿಗೊಂದು ಶನಿವಾರ ಅಡುಗೆಕೋಣೆಯ ಜಗಲಿಯಲ್ಲಿ ಕೂರಲು ಶುರುಮಾಡಿದೆವು. ಅಕ್ಕ, ಆಶಾ ಕಾರ್ಯಕರ್ತೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ತಾಯಿ, ನಾನು. ಇಲಾಖೆಯ ಐದು ರಿಜಿಸ್ಟರ್‌ಗಳ ಜೊತೆಗೆ ಇನ್ನೊಂದು ನೋಟ್‌ಬುಕ್ ಮಾಡಿದೆವು. ಅದರಲ್ಲಿ ಮಾತ್ರೆಗೊಂದು ಪುಟ, ಹಾಲಿಗೊಂದು ಪುಟ ಇಲ್ಲ, ಒಂದೊಂದು ಮಗುವಿಗೆ ಒಂದೊಂದು ಪುಟ. ಗೈರಾದವರ ಪಟ್ಟಿ ಅಂದೇ ಆಶಾ ಅವರ ಕೈಗೆ ಹೋಗುತ್ತಿತ್ತು. ದಾನಿಗಳಲ್ಲಿ ಕೇಳಿ ಮಳೆಗಾಲಕ್ಕೆ ರಬ್ಬರ್ ಚಪ್ಪಲಿ ತರಿಸಿದೆವು.

2019ರ ಆಗಸ್ಟ್‌ನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ, ಚಾರ್ಮಾಡಿ ಘಾಟಿಯ ರಸ್ತೆ ಕುಸಿದಾಗ ಘಟ್ಟದ ಮೇಲಿನ ತರಕಾರಿ ನಿಂತೇಹೋಯಿತು. ಆಗ ಆ ಎಸ್‌ಡಿಎಂಸಿಯ ತಾಯಿ ಹೇಳಿದ್ದು: "ದೇವಸ್ಥಾನದ ಜಾತ್ರೆಗೆ ಹೊರೆಕಾಣಿಕೆ ಕೊಡುವುದಿಲ್ವಾ? ಶಾಲೆಗೂ ಕೊಡುವ." ಬಸಳೆ, ಹರಿವೆ, ನುಗ್ಗೆ ಸೊಪ್ಪು, ಬಾಳೆಕಾಯಿ, ಕೂಡಿಟ್ಟ ಹಲಸಿನ ಬೀಜ ಎಲ್ಲ ಮನೆಗಳಿಂದ ಬಂತು. ಮನೆಯಲ್ಲಿ ಬಸಳೆ ಮುಟ್ಟದ ಹುಡುಗರು ತಾವೇ ಹೊತ್ತು ತಂದ ಬಸಳೆಯ ಕೊದ್ದೆಲನ್ನು ಬಡಿಸಿಕೊಂಡು ಉಂಡರು. ಮಳೆ ನಿಂತ ಮೇಲೂ ಆ ರೂಢಿ ಉಳಿಯಿತು.

ವರ್ಗವಾಗಿ ಹೊರಡುವ ದಿನ ಆ ನೋಟ್‌ಬುಕ್ಕನ್ನು ಮುಂದಿನ ಟೀಚರಿಗೆ ಒಪ್ಪಿಸುವ ಮೊದಲು ಪುಟ ತಿರುವಿದೆ. ನನ್ನ ಬರಹಕ್ಕಿಂತ ಅಕ್ಕನ ಬರಹವೇ ಹೆಚ್ಚಿತ್ತು. "ಇವತ್ತೂ ಚಾ ಮಾತ್ರ." "ಸಾರು ಬೇಡ ಹೇಳಿದ, ಹಲ್ಲು ನೋವು." ಹಿಂದಿನ ದಿನ ಒಂದನೇ ತರಗತಿಯ ಪುಟ್ಟನೊಬ್ಬನ ಪುಟದಲ್ಲಿ ಬರೆದದ್ದು: "ಊಟ ಸರಿ ಮಾಡಿದ. ಚಪ್ಪಲಿಯ ಬಾರು ಹರಿದಿದೆ, ನಾಳೆ ಮನೆಯವರಲ್ಲಿ ಹೇಳಬೇಕು."