ಅಜ್ಜಿಯ ಸೀಟಿ ಕೇಳಿಸಿಕೊಳ್ಳಿ

ಸಿನಿಮಾ ಪ್ರಶ್ನೋತ್ತರ

ಫ್ರೆಂಚ್ ನಿರ್ದೇಶಕ ಸಿಲ್ವೆನ್ ಶೊಮೆ ಅವರ ‘ದ ಟ್ರಿಪ್ಲೆಟ್ಸ್ ಆಫ್ ಬೆಲ್‌ವಿಲ್’ (2003) ಆನಿಮೇಷನ್ ಚಿತ್ರದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದುಕೊಂಡಿದ್ದೇನೆ. ಚಿತ್ರ ನೋಡದವರಿಗಾಗಿ ಕಥೆ ಇಷ್ಟು: ಮದಾಂ ಸೂಜಾ ಎಂಬ ಅಜ್ಜಿ ತನ್ನ ಮೊಮ್ಮಗ ಚಾಂಪಿಯನ್‌ನನ್ನು ಸೈಕಲ್ ಪಟುವಾಗಿ ಬೆಳೆಸುತ್ತಾಳೆ. ಟೂರ್ ದ ಫ್ರಾನ್ಸ್ ಓಟದ ನಡುವೆ ಮಾಫಿಯಾದವರು ಅವನನ್ನು ಅಪಹರಿಸಿ, ಸಮುದ್ರದಾಚೆಯ ಬೆಲ್‌ವಿಲ್ ನಗರಕ್ಕೆ ಸಾಗಿಸುತ್ತಾರೆ. ಅಜ್ಜಿಯೂ ಬ್ರೂನೋ ಎಂಬ ನಾಯಿಯೂ ಬೆನ್ನುಹತ್ತುತ್ತಾರೆ. ಒಂದು ಕಾಲದಲ್ಲಿ ರಂಗದ ಮೇಲೆ ಮೆರೆದಿದ್ದ ಮೂವರು ಮುದುಕಿಯರು ಅವರಿಗೆ ನೆರವಾಗುತ್ತಾರೆ.

ಪ್ರಶ್ನೆ: ಸಬ್‌ಟೈಟಲ್ ಬರಬಹುದೆಂದು ಹತ್ತು ನಿಮಿಷ ಕಾದೆ. ಆಮೇಲೆ, ಇದರಲ್ಲಿ ಮಾತೇ ಇಲ್ಲ ಎಂದು ಗೊತ್ತಾಯಿತು. ಕಥೆ ಹೇಳುವವರು ಮಾತನ್ನು ಬಿಟ್ಟುಕೊಡುವುದು ಯಾಕೆ?
— ಕಾಲೇಜು ವಿದ್ಯಾರ್ಥಿನಿ, ಮೈಸೂರು

ಮಾತು ಪೂರ್ತಿ ಇಲ್ಲವೆಂದಲ್ಲ. ಟಿ.ವಿ.ಯ ದನಿ, ಹಾಡು, ಅಜ್ಜಿಯ ಒಂದೆರಡು ಮಾತು ಇವೆ. ಕಥೆ ಮಾತ್ರ ಅವುಗಳ ಮೇಲೆ ನಿಂತಿಲ್ಲ. ಶೊಮೆ ಕಾಮಿಕ್ಸ್ ಲೋಕದಿಂದ ಬಂದವರು. ಅವರಿಗೆ ಮೊದಲು ಹೆಸರು ತಂದ ‘ದ ಓಲ್ಡ್ ಲೇಡಿ ಅಂಡ್ ದ ಪಿಜನ್ಸ್’ ಕಿರುಚಿತ್ರದಲ್ಲೂ ಮಾತು ತೀರಾ ಕಡಿಮೆ. ಫ್ರೆಂಚ್ ಹಾಸ್ಯದ ದೊಡ್ಡ ಹೆಸರು ಜಾಕ್ ತತಿ ಅವರ ಮೇಲೆ ಶೊಮೆಗೆ ಬಹಳ ಪ್ರೀತಿ. ತತಿ ತಮ್ಮ ಚಿತ್ರಗಳಲ್ಲಿ ಮಾತನ್ನು ಹಿನ್ನೆಲೆಗೆ ತಳ್ಳಿ, ಬಾಗಿಲ ಕಿರುಗುಟ್ಟುವಿಕೆಗೂ ಚಪ್ಪಲಿಯ ಸದ್ದಿಗೂ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟವರು. ಈ ಚಿತ್ರದಲ್ಲಿ ಮುದುಕಿಯರು ಟಿ.ವಿ.ಯಲ್ಲಿ ನೋಡುವುದು ತತಿ ಅವರ ‘ಜೂರ್ ದ ಫೆತ್’ ಅನ್ನೇ.

ಮೊದಲ ಭಾಗವನ್ನು ಇನ್ನೊಮ್ಮೆ ನೋಡಿ. ಮಂಕಾಗಿ ಕುಳಿತ ಹುಡುಗನ ಮುಂದೆ ಅಜ್ಜಿ ಪಿಯಾನೋ ನುಡಿಸುತ್ತಾಳೆ, ನಾಯಿಮರಿ ತರುತ್ತಾಳೆ, ಆಟದ ರೈಲು ತರುತ್ತಾಳೆ. ಯಾವುದರ ಖುಷಿಯೂ ನಿಲ್ಲುವುದಿಲ್ಲ. ಒಂದು ದಿನ, ಹುಡುಗ ಸೈಕಲ್ ಚಿತ್ರಗಳನ್ನು ಕತ್ತರಿಸಿ ಅಂಟಿಸಿಟ್ಟ ಪುಸ್ತಕ ಅವಳ ಕೈಗೆ ಸಿಗುತ್ತದೆ. ಮುಂದಿನ ದೃಶ್ಯದಲ್ಲಿ ಮೂರುಗಾಲಿಯ ಸೈಕಲ್ಲು ಬರುತ್ತದೆ. ‘ನಿನ್ನ ಮನಸ್ಸು ನನಗೆ ತಿಳಿಯಿತು ಮಗಾ’ ಎಂದು ಅಜ್ಜಿ ಬಾಯಿಬಿಟ್ಟು ಹೇಳಿದ್ದರೆ, ಅದನ್ನು ಕಂಡುಹಿಡಿಯುವ ಸುಖ ನಮ್ಮ ಕೈತಪ್ಪುತ್ತಿತ್ತು.

ಪ್ರಶ್ನೆ: ಮಾತಿಲ್ಲದ ಚಿತ್ರವೆಂದರೆ ನನ್ನ ತಲೆಮಾರಿಗೆ ‘ಪುಷ್ಪಕ ವಿಮಾನ’. ಅದರ ಮುಂದೆ ಇದು ನನಗೆ ನಿಧಾನವೆನಿಸಿತು. ಎರಡನ್ನೂ ಒಂದೇ ಜಾತಿಗೆ ಸೇರಿಸಬಹುದೇ?
— ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಬಂಧುಗಳೆನ್ನಬಹುದು, ದಾರಿ ಬೇರೆ. 1987ರ ‘ಪುಷ್ಪಕ ವಿಮಾನ’ದಲ್ಲಿ ಸಿಂಗೀತಂ ಶ್ರೀನಿವಾಸರಾವ್ ಮಾತಿನ ಅಗತ್ಯವೇ ಬೀಳದ ಸನ್ನಿವೇಶಗಳನ್ನು ಒಂದಕ್ಕೊಂದು ಹೆಣೆದರು. ಕಮಲ್ ಹಾಸನ್ ಮತ್ತು ಅಮಲಾ ದೂರದಿಂದಲೇ ಸನ್ನೆಯಲ್ಲಿ ಒಲಿಯುತ್ತಾರೆ. ಅಲ್ಲಿ ನಟರ ಕಣ್ಣು, ಹುಬ್ಬು, ತುಟಿಯ ಕೊಂಕು ನಿರ್ದೇಶಕರಿಗೆ ದಕ್ಕಿದ ಬಂಡವಾಳ.

ಆನಿಮೇಷನ್‌ನಲ್ಲಿ ಹಾಗೆ ದಕ್ಕುವುದು ಏನೂ ಇಲ್ಲ. ಒಂದು ಉಸಿರು ಬೇಕಿದ್ದರೂ ಬರೆಯಬೇಕು. ಅದಕ್ಕೇ ಶೊಮೆ ಗುಣವನ್ನು ಮೈಯಲ್ಲೇ ಬರೆದುಬಿಡುತ್ತಾರೆ. ಚಾಂಪಿಯನ್ ಎಲುಬಿನ ಹಂದರ, ಆದರೆ ಮೀನಖಂಡ ಮಾತ್ರ ಕಲ್ಲುಗುಂಡು. ಮಾಫಿಯಾ ಆಳುಗಳು ಕೋಟು ತೊಟ್ಟ ಕಪ್ಪು ಚೌಕಗಳು. ಸೆರೆಸಿಕ್ಕ ಸೈಕಲ್ ಪಟುಗಳು ಕುದುರೆಗಳಂತೆ ಕೆನೆಯುತ್ತಾರೆ. ಅವರನ್ನು ಹಿಡಿದವರ ಕಣ್ಣಿಗೆ ಅವರು ಮನುಷ್ಯರಲ್ಲ ಎಂಬುದು ಆ ಒಂದು ಸದ್ದಿನಲ್ಲೇ ತಿಳಿಯುತ್ತದೆ. ಇಂಥ ವಿವರವನ್ನು ಗಮನಿಸಲು ನೋಡುಗರಿಗೆ ಸಮಯ ಬೇಕು. ನಿಮಗೆ ನಿಧಾನವೆನಿಸಿದ್ದು ಆ ಸಮಯ. ಇಡೀ ಚಿತ್ರ ಮುಗಿಯುವುದು ಸುಮಾರು 80 ನಿಮಿಷಕ್ಕೆ.

ಪ್ರಶ್ನೆ: ಎಲ್ಲರೂ ಅಜ್ಜಿಯ ಪ್ರೀತಿಯನ್ನು ಹೊಗಳುತ್ತಾರೆ. ನನಗೆ ಕಂಡದ್ದು ಮೊಮ್ಮಗನನ್ನು ಯಂತ್ರ ಮಾಡಿದ ಹೆಂಗಸು. ಕೋಚಿಂಗ್ ಕ್ಲಾಸಿಗೆ ಮಕ್ಕಳನ್ನು ಅಟ್ಟುವ ನಮಗೂ ಅವಳಿಗೂ ಏನು ವ್ಯತ್ಯಾಸ?
— ಇಬ್ಬರು ಮಕ್ಕಳ ತಾಯಿ, ದಾವಣಗೆರೆ

ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ನಿಮ್ಮ ಅನುಮಾನಕ್ಕೆ ಚಿತ್ರದಲ್ಲೇ ಆಧಾರವಿದೆ. ಬೆಳೆದ ಚಾಂಪಿಯನ್‌ನ ಕಣ್ಣಲ್ಲಿ ಹೊಳಪಿಲ್ಲ. ಮನೆಯಲ್ಲಿ ಅಜ್ಜಿಯ ಸೀಟಿಗೆ ಪೆಡಲ್ ತುಳಿದವನು, ಬೆಲ್‌ವಿಲ್‌ನಲ್ಲಿ ಜೂಜುಕೋರರಿಗಾಗಿ ಒಂದು ಯಂತ್ರಕ್ಕೆ ಕಟ್ಟಿಸಿಕೊಂಡು ಅದೇ ಪೆಡಲ್ ತುಳಿಯುತ್ತಾನೆ. ಎರಡೂ ದೃಶ್ಯಗಳಲ್ಲಿ ಅವನ ಮುಖ ಒಂದೇ. ನಿರ್ದೇಶಕರು ಈ ಹೋಲಿಕೆಯನ್ನು ತಿಳಿದೇ ಇಟ್ಟಿದ್ದಾರೆ ಎಂದು ನಾನು ನಂಬುತ್ತೇನೆ.

ಆದರೂ ಎರಡು ಸಂಗತಿ ಅಜ್ಜಿಯ ಪರವಾಗಿವೆ. ಸೈಕಲ್ಲಿನ ಆಸೆ ಹುಡುಗನದು. ಅವಳು ಹುಡುಕಿ ತಿಳಿದುಕೊಂಡಳಷ್ಟೆ. ಇನ್ನೊಂದು, ಅವಳು ಸಮುದ್ರ ದಾಟುವ ಹೊತ್ತಿಗೆ ಓಟ ಕೈಬಿಟ್ಟಾಗಿದೆ. ಕಾಲಲ್ಲಿ ತುಳಿಯುವ ಬಾಡಿಗೆ ದೋಣಿಯಲ್ಲಿ, ಹಿನ್ನೆಲೆಯಲ್ಲಿ ಮೊಜಾರ್ಟ್ ಸಂಗೀತ ಮೊಳಗುತ್ತಿರಲು, ಆ ಕುಳ್ಳ ಅಜ್ಜಿ ಆಳೆತ್ತರದ ಅಲೆಗಳ ನಡುವೆ ಹೊರಡುವುದು ಪದಕಕ್ಕಲ್ಲ, ಮೊಮ್ಮಗನಿಗೆ. ಹುಲ್ಲು ಕತ್ತರಿಸುವ ಯಂತ್ರದಲ್ಲಿ ಅವನ ಬೆನ್ನು ತೀಡುವ ಕೈ, ಶ್ರುತಿಕವೆ ಹಿಡಿದು ಅವನ ಚಕ್ರದ ಓರೆ ತಿದ್ದುವ ಕೈ ಅವಳದು. ಇಷ್ಟೆಲ್ಲ ಆದಮೇಲೂ ಚಾಂಪಿಯನ್ ಸುಖಿಯೇ ಎಂಬ ಪ್ರಶ್ನೆಗೆ ಚಿತ್ರ ಉತ್ತರ ಕೊಡುವುದಿಲ್ಲ. ನೀವು ಆ ಪ್ರಶ್ನೆಯನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಬೆಲ್‌ವಿಲ್‌ನಲ್ಲಿ ಎಲ್ಲರೂ ಡೊಳ್ಳುಹೊಟ್ಟೆಯವರು, ಸ್ವಾತಂತ್ರ್ಯದೇವಿಯ ಕೈಯಲ್ಲೂ ಬರ್ಗರ್. ಇದು ಹಾಸ್ಯವೇ, ಅವಹೇಳನವೇ?
— ಓದುಗರು, ನ್ಯೂಜೆರ್ಸಿ

ಶೊಮೆ ತಮ್ಮವರನ್ನೂ ಬಿಟ್ಟಿಲ್ಲ. ಖಳರು ಫ್ರೆಂಚರೇ, ಕಪ್ಪೆ ತಿನ್ನುವ ಹಾಸ್ಯವೂ ಫ್ರೆಂಚರ ಮೇಲೆಯೇ. ಬೆಲ್‌ವಿಲ್‌ನಲ್ಲಿ ನ್ಯೂಯಾರ್ಕ್ ಜೊತೆಗೆ ಕೆನಡಾದ ಮಾಂಟ್ರಿಯಲ್ ಕೂಡ ಬೆರೆತಿದೆ. ಹಾಗಿದ್ದೂ ನಿಮ್ಮ ಆಕ್ಷೇಪ ನ್ಯಾಯವಾದದ್ದು. ದಪ್ಪ ದೇಹದ ತಮಾಷೆ ಮೊದಲ ಸಲ ನಗಿಸುತ್ತದೆ, ಮತ್ತೆ ಮತ್ತೆ ಬಂದಾಗ ಸವೆದುಹೋಗುತ್ತದೆ. ಇನ್ನೂ ಇರುಸುಮುರುಸಾಗುವುದು ಆರಂಭದ ಕಪ್ಪು-ಬಿಳುಪು ಭಾಗದಲ್ಲಿ. 1930ರ ದಶಕದ ಕಾರ್ಟೂನುಗಳನ್ನು ಅನುಕರಿಸುವ ಆ ಭಾಗದಲ್ಲಿ, ಕಪ್ಪು ವರ್ಣದ ನರ್ತಕಿ ಜೋಸೆಫಿನ್ ಬೇಕರ್ ಬಾಳೆಹಣ್ಣಿನ ಲಂಗದಲ್ಲಿ ಬರುತ್ತಾರೆ. ಆ ಕಾಲದ ಕಾರ್ಟೂನುಗಳು ಹಾಗೇ ಇದ್ದವು ಎಂಬುದು ನಿಜ, ಆದರೆ ಅನುಕರಣೆ ಅವುಗಳ ಜನಾಂಗೀಯ ಕೊಳೆಯನ್ನು ತೊಳೆಯುವುದಿಲ್ಲ. ಮಾತಿಲ್ಲದ ಚಿತ್ರಕ್ಕೆ ಇರುವ ಅಪಾಯವೇ ಇದು: ಪಾತ್ರವನ್ನು ತಟ್ಟನೆ ಗುರುತಿಸುವಂತೆ ಮಾಡಬೇಕಾದಾಗ ಕೈ ಸವಕಲು ಅಚ್ಚಿನತ್ತ ಹೋಗುತ್ತದೆ. ಇಲ್ಲಿ ಶೊಮೆ ಕೈಯೂ ಹೋಗಿದೆ.

ಪ್ರಶ್ನೆ: ನಾನು ತಬಲಾ ಕಲಿಯುತ್ತಿದ್ದೇನೆ. ಮುದುಕಿಯರು ಫ್ರಿಜ್ ನುಡಿಸುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ಸಾಲದು. ಆ ಸಂಗೀತದ ಬಗ್ಗೆ ಹೇಳಿ.
— ಸಂಗೀತ ವಿದ್ಯಾರ್ಥಿ, ತುಮಕೂರು

ಸಂಗೀತ ಕೆನಡಾದ ಬೆನ್ವಾ ಶಾರೆ ಅವರದು. ಫ್ರಾನ್ಸಿನ ಸೀಸರ್ ಪ್ರಶಸ್ತಿ ಅವರಿಗೆ ಬಂತು, ಹಾಡು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಫ್ರಿಜ್‌ನ ತಂತಿಯ ತಟ್ಟೆ, ದಿನಪತ್ರಿಕೆಯ ಸರಸರ, ವ್ಯಾಕ್ಯೂಮ್ ಕ್ಲೀನರ್‌ನ ಗುಂಯ್‌ಗುಡುವಿಕೆ, ಜೊತೆಗೆ ಅಜ್ಜಿಯ ಸೈಕಲ್ ಚಕ್ರ: ನಾಲ್ಕೂ ಕೂಡಿದರೆ ಜಾಜ್ ಮೇಳ.

ನೀವು ಲಯದ ವಿದ್ಯಾರ್ಥಿ, ಹಾಗಾಗಿ ಅದಕ್ಕೂ ಮುಂಚಿನ ದೃಶ್ಯವೊಂದನ್ನು ಗಮನಿಸಿ. ಬೆಲ್‌ವಿಲ್‌ನಲ್ಲಿ ಕಾಸಿಲ್ಲದೆ, ಸೇತುವೆಯ ಕೆಳಗೆ ಕುಳಿತ ಅಜ್ಜಿ ಚಕ್ರದ ಕಡ್ಡಿಗಳನ್ನು ತಟ್ಟುತ್ತಾಳೆ. ಆ ಲಯಕ್ಕೆ ಮೂವರು ಮುದುಕಿಯರು ಕತ್ತಲಿನಿಂದ ಬಂದು ದನಿಗೂಡಿಸುತ್ತಾರೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮನೆಗೆ ಕರೆದುಕೊಂಡು ಹೋದರು. ಇಡೀ ಚಿತ್ರದಲ್ಲಿ ಕಥೆ ಮುಂದೆ ಸಾಗುವುದು ಹೀಗೆ, ಸದ್ದಿನಿಂದ ಸದ್ದಿಗೆ. ಮನೆಯ ಪಕ್ಕದಲ್ಲೇ ಹಾಯುವ ರೈಲು, ಪ್ರತಿ ರೈಲಿಗೂ ತಪ್ಪದೆ ಬೊಗಳುವ ಬ್ರೂನೋ, ಅಜ್ಜಿಯ ಸೀಟಿ: ಸಂಭಾಷಣೆ ಮಾಡಬೇಕಾದ ಕೆಲಸವನ್ನು ಇವು ಮಾಡುತ್ತವೆ. ಸದ್ದು ಅಡಗಿಸಿಟ್ಟು ನೋಡಿದರೆ ಈ ಚಿತ್ರ ಅರ್ಧವೂ ಉಳಿಯದು.

ಪ್ರಶ್ನೆ: ಆರು ವರ್ಷದ ಮಗಳಿಗೆ ತೋರಿಸಬಹುದೇ? ಇಂಥವೇ ಬೇರೆ ಚಿತ್ರಗಳಿದ್ದರೆ ತಿಳಿಸಿ.
— ಓದುಗರು, ಉಡುಪಿ

ಈಗಲೇ ಬೇಡ. ಕಾರ್ಟೂನು ಎಂದಾಕ್ಷಣ ಮಕ್ಕಳದ್ದೆಂದು ತಿಳಿಯಬೇಡಿ. ಬಳಲಿದ ಸೈಕಲ್ ಪಟುವನ್ನು ಗುಂಡಿಕ್ಕುವ ದೃಶ್ಯ ಇದರಲ್ಲಿದೆ. ಅಮೆರಿಕದಲ್ಲಿ ಇದಕ್ಕೆ ಸಿಕ್ಕದ್ದು ಪಿಜಿ-13 ದರ್ಜೆ. ಹದಿಮೂರರ ಸುಮಾರಿಗೆ, ನೀವೂ ಪಕ್ಕದಲ್ಲಿ ಕುಳಿತು ತೋರಿಸಿ. ಈಗ ಮಗಳಿಗೆ 2015ರ ‘ಶಾನ್ ದ ಶೀಪ್’ ಸಿನಿಮಾ ಚೆನ್ನ. ಅದರಲ್ಲೂ ಸಂಭಾಷಣೆ ಇಲ್ಲ.

ನಿಮಗಾಗಿ ಮೂರು ಹೆಸರು: ತತಿ ಅವರ ‘ಮೋನ್ ಓಂಕ್ಲ್’ (1958), ತತಿ ಬರೆದಿಟ್ಟಿದ್ದ ಚಿತ್ರಕಥೆಯಿಂದ ಶೊಮೆ ಮಾಡಿದ ‘ದ ಇಲ್ಯೂಷನಿಸ್ಟ್’ (2010), ಮೈಕೆಲ್ ದುಡೊಕ್ ದ ವಿಟ್ ಅವರ ‘ದ ರೆಡ್ ಟರ್ಟಲ್’ (2016). ಕೊನೆಯದು ಜಪಾನಿನ ಘಿಬ್ಲಿ ಸ್ಟುಡಿಯೋ ಸಹಯೋಗದ್ದು, ಒಂದು ನಿರ್ಜನ ದ್ವೀಪದಲ್ಲಿ ನಡೆಯುತ್ತದೆ.

‘ಟ್ರಿಪ್ಲೆಟ್ಸ್’ಗೆ ಆನಿಮೇಷನ್ ವಿಭಾಗದಲ್ಲೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು; ಗೆದ್ದದ್ದು ‘ಫೈಂಡಿಂಗ್ ನೀಮೋ’. ದಪ್ಪ ದೇಹದ ತಮಾಷೆಯನ್ನೂ ಆರಂಭದ ಕೊಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ನೋಡಲೇಬೇಕಾದ ಚಿತ್ರ ಎಂಬುದು ನನ್ನ ತೀರ್ಮಾನ. ನೋಡುವಾಗ ಮೊಬೈಲ್ ದೂರವಿಡಿ. ಮಾತಿರುವ ಸಿನಿಮಾದಲ್ಲಿ ಕಣ್ಣು ಬೇರೆಡೆ ಹೋದರೂ ಕಿವಿ ಕಥೆ ಹಿಡಿದುಕೊಳ್ಳುತ್ತದೆ. ಇಲ್ಲಿ ಕಣ್ಣು, ಕಿವಿ ಎರಡನ್ನೂ ಕೊಡಬೇಕು. ಇಷ್ಟವಾಗದಿದ್ದರೂ ಬರೆಯಿರಿ, ಕಾರಣ ಮಾತ್ರ ಬಿಡಿಸಿ ಹೇಳಿ.